ನೋವೊಂದು ಕಡೆ, ರೋಗವೊಂದು ಕಡೆ

ಹೊಟ್ಟೆನೋವು ಎಂದು ಬಂದವರಿಗೆ ಅನುಭವಸ್ಥ ವೈದ್ಯರು ಹೇಳುವ ಮೊದಲ ಮಾತು, "ಎಲ್ಲಿ ನೋಯುತ್ತೆ, ಒಂದೇ ಬೆರಳಲ್ಲಿ ತೋರಿಸಿ." ಬಹಳ ಜನರಿಗೆ ಅದು ಆಗುವುದಿಲ್ಲ. ಅಂಗೈ ಅಗಲಿಸಿ ಹೊಕ್ಕುಳ ಸುತ್ತ ಸವರುತ್ತಾ, "ಇಲ್ಲೇ ಸಾರ್, ಇಲ್ಲೆಲ್ಲಾ" ಎನ್ನುತ್ತಾರೆ. ಕಾಲಿಗೆ ಮುಳ್ಳು ಚುಚ್ಚಿದರೆ ಕತ್ತಲಲ್ಲೂ ಸರಿಯಾಗಿ ಆ ಜಾಗಕ್ಕೇ ಬೆರಳಿಡುವ ಮನುಷ್ಯನಿಗೆ ಕರುಳು ಹಿಂಡುವಾಗ ಜಾಗ ಹೇಳಲು ಬರುವುದಿಲ್ಲ. ಇದಕ್ಕೆ ರೋಗಿಗಳು ನಾಚಿಕೊಳ್ಳುತ್ತಾರೆ, ಕೆಲವು ಕಡೆ ಬೈಸಿಕೊಳ್ಳುವುದೂ ಉಂಟು. ತಪ್ಪು ಅವರದ್ದಲ್ಲ. ಹೊಟ್ಟೆಯೊಳಗಿನ ಅಂಗಗಳಿಗೆ ನರಗಳು ಸೇರಿಕೊಂಡಿರುವ ರೀತಿಯೇ ಹಾಗೆ. ಸಂಜೆ ಅಂಗೈ ತೋರಿಸಿದವರು ರಾತ್ರಿ ಬೆರಳು ತೋರಿಸತೊಡಗಿದರೆ ಒಳಗೆ ಏನೋ ಬದಲಾಗಿದೆ ಎಂದೇ ತಿಳಿಯಬೇಕು. ಆ ಬದಲಾವಣೆಯನ್ನು ಗಮನಿಸದೆ ಒಂದು ಗ್ಯಾಸ್ ಮಾತ್ರೆ ನುಂಗಿ ಮಲಗಿಬಿಡುವುದರಿಂದ ಎಷ್ಟೋ ಮನೆಗಳಲ್ಲಿ ಸಣ್ಣ ಆಪರೇಷನ್ನಿನಲ್ಲಿ ಮುಗಿಯಬೇಕಾದದ್ದು ದೊಡ್ಡದಾಗುತ್ತದೆ. ನೋವು ಎಲ್ಲಿ ಶುರುವಾಯಿತು, ಎಲ್ಲಿಗೆ ಹೋಯಿತು ಎಂಬುದನ್ನು ಮನೆಯವರೂ ಓದಲು ಕಲಿತರೆ ಬಹಳ ಜೀವ ಉಳಿಯುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಮೊದಲು ಒಳಗೆ ಯಾರ್‍ಯಾರು ಎಲ್ಲೆಲ್ಲಿದ್ದಾರೆ ನೋಡೋಣ. ಹೊಟ್ಟೆಯ ಮೇಲಿನ ಗಡಿ ನಾವು ಅಂದುಕೊಂಡದ್ದಕ್ಕಿಂತ ಬಹಳ ಮೇಲಿದೆ. ಎದೆಯನ್ನೂ ಹೊಟ್ಟೆಯನ್ನೂ ಬೇರೆ ಮಾಡುವ ಸ್ನಾಯುವಿನ ಪರದೆ ವಪೆ. ಉಸಿರು ಪೂರ್ತಿ ಹೊರಬಿಟ್ಟಾಗ ಅದು ಉಬ್ಬಿ ಹೆಚ್ಚುಕಡಿಮೆ ಮೊಲೆತೊಟ್ಟಿನ ಮಟ್ಟಕ್ಕೆ ಏರುತ್ತದೆ. ಹೀಗಾಗಿ ಲಿವರ್, ಗುಲ್ಮ, ಜಠರದ ಮೇಲ್ಭಾಗ ಇವೆಲ್ಲ ಹೊಟ್ಟೆಯ ಅಂಗಗಳೇ ಆದರೂ ಪಕ್ಕೆಲುಬುಗಳ ಆಸರೆಯಲ್ಲಿ ಇರುತ್ತವೆ. ಬೈಕಿನಿಂದ ಎಡಮಗ್ಗುಲಾಗಿ ಬಿದ್ದು ಕೆಳಗಿನ ಪಕ್ಕೆಲುಬು ಮುರಿದುಕೊಂಡವರ ಹೊಟ್ಟೆಯನ್ನು ವೈದ್ಯರು ಸ್ಕ್ಯಾನ್ ಮಾಡಿಸುವುದು ಇದಕ್ಕೇ. ಆ ಎಲುಬಿನ ಹಿಂದೆಯೇ ಗುಲ್ಮ ಇದೆ, ಹರಿದರೆ ಹೊಟ್ಟೆಯ ತುಂಬ ರಕ್ತ.

ಬಲಗಡೆ ಪಕ್ಕೆಲುಬಿನಡಿ ಲಿವರ್, ದೊಡ್ಡವರಲ್ಲಿ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಅದರ ಅಡಿಗೆ ಅಂಟಿಕೊಂಡಂತೆ ಪಿತ್ತಕೋಶ, ಹಿಡಿಸುವುದು 50 ಮಿಲಿಲೀಟರ್ ಪಿತ್ತ ಅಷ್ಟೇ. ಎಡಕ್ಕೆ ಜಠರ. ಜಠರದ ಬೆನ್ನಿಗೆ, ಬೆನ್ನುಮೂಳೆಯ ಮೇಲೆ ಅಡ್ಡಲಾಗಿ ಮಲಗಿರುವುದು ಮೇದೋಜೀರಕ ಗ್ರಂಥಿ, ಸುಮಾರು 15 ಸೆಂಟಿಮೀಟರ್ ಉದ್ದ. ಅದರ ಇಕ್ಕೆಲದಲ್ಲಿ, ಬೆನ್ನಿಗೆ ಇನ್ನೂ ಒತ್ತಿಕೊಂಡು ಎರಡು ಕಿಡ್ನಿಗಳು. ಮೇಲೆ ಲಿವರ್ ಕೂತಿರುವುದರಿಂದ ಬಲಗಡೆಯದು ಒಂದು ಚೂರು ಕೆಳಗೆ. ನಡುವಿನ ಜಾಗವೆಲ್ಲ ಸಣ್ಣ ಕರುಳಿನದು, ಅದರ ಮೂರು ಕಡೆಗೂ ಚೌಕಟ್ಟು ಕಟ್ಟಿದ ಹಾಗೆ ದೊಡ್ಡ ಕರುಳು ಬಲಗಡೆ ಏರಿ, ಅಡ್ಡ ಹಾದು, ಎಡಗಡೆ ಇಳಿಯುತ್ತದೆ. ದೊಡ್ಡ ಕರುಳು ಶುರುವಾಗುವ ಬಲಗಡೆಯ ಕೆಳಮೂಲೆಯಲ್ಲಿ ಕಿರುಬೆರಳಿನಷ್ಟು ದಪ್ಪವೂ ಇಲ್ಲದ ಅಪೆಂಡಿಕ್ಸ್. ತೀರಾ ಕೆಳಗೆ ಮೂತ್ರಕೋಶ, ಹೆಂಗಸರಲ್ಲಿ ಗರ್ಭಕೋಶ ಮತ್ತು ಅಂಡಾಶಯಗಳು.

ಸಣ್ಣ ಕರುಳು ಸುಮಾರು 6 ಮೀಟರ್ ಉದ್ದ. ಅಷ್ಟುದ್ದದ ಕೊಳವೆ ಗಂಟುಬೀಳದೆ ಇರುವುದೇ ಒಂದು ಅಚ್ಚರಿ. ಅದನ್ನು ಹಿಂದಿನ ಗೋಡೆಗೆ ಹಿಡಿದಿಟ್ಟಿರುವುದು ಮೆಸೆಂಟರಿ ಎಂಬ ತೆಳು ಪದರ. ಸೀರೆಯ ನೆರಿಗೆ ಸೊಂಟದ ಬಳಿ ಒಂದು ಹಿಡಿಯಷ್ಟೇ ಆಗಿ, ಪಾದದ ಬಳಿ ಹರಡಿಕೊಳ್ಳುವುದಿಲ್ಲವೇ, ಹಾಗೆ ಇದರ ಬೇರು ಬೆನ್ನಿನ ಕಡೆ ಸುಮಾರು 15 ಸೆಂಟಿಮೀಟರ್ ಜಾಗದಲ್ಲಿ ಸಿಕ್ಕಿಸಿಕೊಂಡಿದ್ದು, ಅಂಚು ಮಾತ್ರ ಇಡೀ ಕರುಳಿನುದ್ದಕ್ಕೂ ಬಿಚ್ಚಿಕೊಳ್ಳುತ್ತದೆ. ಕರುಳಿಗೆ ರಕ್ತ ಬರುವುದು, ನರ ಬರುವುದು ಈ ನೆರಿಗೆಯೊಳಗಿಂದಲೇ. ನೆರಿಗೆ ತಿರುಚಿಕೊಂಡರೆ ರಕ್ತ ನಿಲ್ಲುತ್ತದೆ, ಕೆಲವೇ ಗಂಟೆಗಳಲ್ಲಿ ಕರುಳು ಕಪ್ಪಾಗುತ್ತದೆ.

ಕರುಳಿನ ಮುಂದೆ ಇನ್ನೊಂದು ಕೊಬ್ಬಿನ ಪರದೆ ಜಠರದಿಂದ ಕೆಳಗೆ ಇಳಿಬಿದ್ದಿರುತ್ತದೆ. ಅದರ ಹೆಸರು ಒಮೆಂಟಮ್. ಹೊಟ್ಟೆಯೊಳಗೆ ಎಲ್ಲಾದರೂ ಉರಿಯೂತ ಆದರೆ ಇದು ಅಲ್ಲಿಗೆ ಹೋಗಿ ಅಂಟಿಕೊಂಡು, ಸೋಂಕು ಹರಡದಂತೆ ಸುತ್ತುಗಟ್ಟುತ್ತದೆ. ಶಸ್ತ್ರವೈದ್ಯರು ಪ್ರೀತಿಯಿಂದ ಇದನ್ನು ಹೊಟ್ಟೆಯ ಪೊಲೀಸ್ ಎನ್ನುತ್ತಾರೆ. ಚಿಕ್ಕ ಮಕ್ಕಳಲ್ಲಿ ಈ ಪರದೆ ಇನ್ನೂ ಗಿಡ್ಡ, ತೆಳು. ಮಕ್ಕಳ ಅಪೆಂಡಿಕ್ಸ್ ಒಡೆದರೆ ಕೀವು ಬೇಗ ಹೊಟ್ಟೆಯೆಲ್ಲ ಹರಡುವುದಕ್ಕೆ ಇದೂ ಒಂದು ಕಾರಣ.

ಇನ್ನು ನರಗಳ ವಿಷಯ. ಹೊಟ್ಟೆಯ ಒಳಮೈಗೆ ಪೆರಿಟೋನಿಯಂ ಎಂಬ ನುಣುಪಾದ ಪೊರೆ ಇದೆ. ಅದು ಒಂದೇ ಪೊರೆಯಾದರೂ ಎರಡು ಪದರವಾಗಿ ಹರಡಿಕೊಂಡಿದೆ: ಒಂದು ಅಂಗಗಳನ್ನು ಹೊದ್ದುಕೊಂಡಿದ್ದು, ಇನ್ನೊಂದು ಹೊಟ್ಟೆಯ ಗೋಡೆಗೆ ಒಳಗಿಂದ ಅಂಟಿಕೊಂಡದ್ದು. ಗೋಡೆಯ ಪದರಕ್ಕೆ ಚರ್ಮಕ್ಕೆ ಬರುವ ನರಗಳೇ ಬರುತ್ತವೆ. ಅದಕ್ಕೆ ನೋವಾದರೆ ಚುಚ್ಚಿದಂತೆ ನಿಖರವಾಗಿ ಗೊತ್ತಾಗುತ್ತದೆ. ಅಂಗಗಳನ್ನು ಹೊದ್ದ ಪದರದ ನರಗಳದ್ದು ಬೇರೆಯೇ ದಾರಿ. ಅವು ಕತ್ತರಿಸಿದ್ದನ್ನು, ಸುಟ್ಟದ್ದನ್ನು ಹೇಳುವುದೇ ಇಲ್ಲ. ಸುಮಾರು 1900ರ ಹೊತ್ತಿಗೆ ಸ್ವೀಡನ್ನಿನ ಉಪ್ಸಾಲಾದ ಶಸ್ತ್ರವೈದ್ಯ ಲೆನಾಂಡರ್, ಹೊಟ್ಟೆಯ ಗೋಡೆಯನ್ನಷ್ಟೇ ಮರಗಟ್ಟಿಸಿ ಎಚ್ಚರವಿದ್ದ ರೋಗಿಗಳ ಮೇಲೆ ಆಪರೇಷನ್ ಮಾಡುತ್ತಾ ಇದನ್ನು ಕಂಡುಕೊಂಡರು. ಕರುಳಿಗೆ ಕತ್ತರಿ ತಾಗಿದರೂ ರೋಗಿಗೆ ಗೊತ್ತಾಗುತ್ತಿರಲಿಲ್ಲ. ಅದೇ ಕರುಳು ಹಿಗ್ಗಿದರೆ, ಬಿಗಿದು ಹಿಂಡಿದರೆ, ರಕ್ತ ಸಾಲದೆ ಹೋದರೆ ಮಾತ್ರ ಅಸಾಧ್ಯ ನೋವು.

ಈ ಸತ್ಯಕ್ಕೆ ಅತ್ಯಂತ ಕಠಿಣ ಪರೀಕ್ಷೆ ನಡೆದದ್ದು ಅಂಟಾರ್ಕ್ಟಿಕಾದಲ್ಲಿ. 1961ರ ಏಪ್ರಿಲ್ ಕೊನೆಯಲ್ಲಿ ಸೋವಿಯತ್ ಒಕ್ಕೂಟದ ನೊವೊಲಾಜರೆವ್‌ಸ್ಕಾಯಾ ನೆಲೆಯಲ್ಲಿ ಇದ್ದ ಒಬ್ಬನೇ ವೈದ್ಯ, 27 ವರ್ಷದ ಲಿಯೊನಿಡ್ ರೊಗೊಜೊವ್‌ಗೆ ಹೊಟ್ಟೆನೋವು ಕಾಣಿಸಿಕೊಂಡಿತು. ಸುಸ್ತು, ವಾಕರಿಕೆ, ಆಮೇಲೆ ನೋವು ಬಲಗಡೆ ಕೆಳಕ್ಕೆ ಇಳಿಯಿತು. ಅಪೆಂಡಿಕ್ಸ್ ಎಂದು ಆತನಿಗೆ ಅನುಮಾನವೇ ಉಳಿಯಲಿಲ್ಲ. ಹೊರಗೆ ಹಿಮಗಾಳಿ, ವಿಮಾನ ಬರುವಂತಿಲ್ಲ. ಜೊತೆಗಿದ್ದವರಲ್ಲಿ ಒಬ್ಬರು ಕನ್ನಡಿ ಹಿಡಿದರು, ಒಬ್ಬರು ಉಪಕರಣ ಕೊಟ್ಟರು. ರೊಗೊಜೊವ್ ತನ್ನ ಹೊಟ್ಟೆಯ ಗೋಡೆಗೆ ನೊವೊಕೇನ್ ಚುಚ್ಚಿಕೊಂಡು ತಾನೇ ಕೊಯ್ದುಕೊಂಡ. ಕನ್ನಡಿಯಲ್ಲಿ ಎಡಬಲ ಅದಲುಬದಲಾಗಿ ಕಾಣುತ್ತಿದ್ದರಿಂದ ಬಹುಪಾಲು ಕೆಲಸ ಬೆರಳ ಸ್ಪರ್ಶದಲ್ಲೇ ನಡೆಯಿತು. ನಡುನಡುವೆ ತಲೆ ಸುತ್ತಿ ನಿಲ್ಲಿಸುತ್ತಾ, ಮತ್ತೆ ಮುಂದುವರಿಸುತ್ತಾ, ಹೆಚ್ಚುಕಡಿಮೆ ಎರಡು ಗಂಟೆಯಲ್ಲಿ ಅಪೆಂಡಿಕ್ಸ್ ತೆಗೆದು ಹೊಲಿದುಕೊಂಡ. ಬುಡದಲ್ಲಿ ಅದು ಆಗಲೇ ಕಪ್ಪಾಗಿತ್ತು. ಎರಡು ವಾರದಲ್ಲಿ ಮತ್ತೆ ಕೆಲಸಕ್ಕೆ ಹಾಜರಾದ. ಆತನ ಧೈರ್ಯಕ್ಕೆ ಎಷ್ಟು ನಮಸ್ಕರಿಸಿದರೂ ಸಾಲದು. ಆದರೆ ಅದು ಸಾಧ್ಯವಾದದ್ದಕ್ಕೆ ಧೈರ್ಯದ ಜೊತೆ ಇನ್ನೊಂದು ಕಾರಣವಿದೆ: ಗೋಡೆ ಮರಗಟ್ಟಿದ್ದರೆ ಒಳಗಿನ ಕರುಳಿಗೆ ಕೊಯ್ತದ ನೋವು ತಿಳಿಯುವುದಿಲ್ಲ.

ಅಪೆಂಡಿಕ್ಸ್ ಇರುವುದು ಬಲಗಡೆ ಕೆಳಗೆ. ಹಾಗಿದ್ದೂ ನೋವು ಹೊಕ್ಕುಳ ಸುತ್ತ ಏಕೆ ಶುರುವಾಗುತ್ತದೆ? ಉತ್ತರ ತಾಯಿಯ ಹೊಟ್ಟೆಯಲ್ಲಿದೆ. ಭ್ರೂಣದಲ್ಲಿ ಕರುಳು ಮೊದಲಿಗೆ ದೇಹದ ನಟ್ಟನಡುವೆ ನೇರವಾದ ಒಂದು ಕೊಳವೆ. ಆರನೇ ವಾರದ ಹೊತ್ತಿಗೆ ಅದು ಎಷ್ಟು ಬೇಗ ಉದ್ದವಾಗುತ್ತದೆಂದರೆ, ಪುಟ್ಟ ಹೊಟ್ಟೆಯಲ್ಲಿ ಜಾಗ ಸಾಲದೆ ಹೊಕ್ಕುಳಬಳ್ಳಿಯೊಳಕ್ಕೆ ಹೊರಟುಹೋಗುತ್ತದೆ. ಹತ್ತನೇ ವಾರಕ್ಕೆ ಮರಳಿ ಒಳಗೆ ಬರುತ್ತದೆ. ಹೋಗಿ ಬರುವಷ್ಟರಲ್ಲಿ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಮುಕ್ಕಾಲು ಸುತ್ತು ತಿರುಗಿರುತ್ತದೆ. ಅಪೆಂಡಿಕ್ಸ್ ಇರುವ ಭಾಗ ಮೊದಲು ಲಿವರಿನ ಕೆಳಗೆ ಬಂದು ನಿಂತು, ನಂತರ ಬಲಗಡೆ ಕೆಳಮೂಲೆಗೆ ಇಳಿಯುತ್ತದೆ. ಜಾಗ ಬದಲಾಯಿತು, ನರ ಬದಲಾಗಲಿಲ್ಲ. ಬೆನ್ನುಹುರಿಯಲ್ಲಿ ಹೊಕ್ಕುಳ ಸುತ್ತಲಿನ ಚರ್ಮದ ಸುದ್ದಿ ತಲುಪುವ ಮನೆಗೇ ಅಪೆಂಡಿಕ್ಸಿನ ಸುದ್ದಿಯೂ ಬರುತ್ತದೆ. ಹೀಗಾಗಿ ಮೆದುಳು ನೋವನ್ನು ಹೊಕ್ಕುಳಿಗೆ ಹೊಂದಿಸುತ್ತದೆ. ಜಠರ, ಲಿವರ್, ಪಿತ್ತಕೋಶ, ಮೇದೋಜೀರಕ ಇವುಗಳ ಮೊದಲ ನೋವು ಹೊಕ್ಕುಳಿಗಿಂತ ಮೇಲೆ, ನಡುವೆ. ಸಣ್ಣ ಕರುಳು ಮತ್ತು ದೊಡ್ಡ ಕರುಳಿನ ಮೊದಲರ್ಧದ್ದು ಹೊಕ್ಕುಳ ಸುತ್ತ. ದೊಡ್ಡ ಕರುಳಿನ ಕೊನೆಯ ಭಾಗದ್ದು ಕಿಬ್ಬೊಟ್ಟೆಯಲ್ಲಿ. ಅಂಗ ಈಗ ಎಡಕ್ಕಿರಲಿ ಬಲಕ್ಕಿರಲಿ, ನೋವು ಮೊದಲು ನಡುಗೆರೆಯಲ್ಲೇ.

ಅಪೆಂಡಿಕ್ಸಿನ ಬಾಯಿ ಮುಚ್ಚಿ ಅದು ಬಿಗಿದು ಊದುವಾಗ ಹೊಕ್ಕುಳ ಸುತ್ತ ಮಂಕು ನೋವು. ಊಟ ಬೇಡ ಅನ್ನಿಸುತ್ತದೆ, ಒಂದೆರಡು ಸಲ ವಾಂತಿ. ಕೆಲವು ಗಂಟೆ ಕಳೆದು ಊತ ಅಪೆಂಡಿಕ್ಸಿನ ಹೊರಮೈಗೆ ಬಂದು, ಪಕ್ಕದ ಗೋಡೆಯ ಪೊರೆಗೆ ತಾಗಿದಾಗ ನೋವು ಬಲಕ್ಕೆ ಸರಿಯುತ್ತದೆ. ಈಗ ರೋಗಿಗೆ ಒಂದೇ ಬೆರಳಲ್ಲಿ ತೋರಿಸಲು ಬರುತ್ತದೆ. ಹೊಕ್ಕುಳಿಂದ ಬಲ ಸೊಂಟದ ಮುಂದಿನ ಎಲುಬಿನ ಮೊನೆಗೆ ಗೆರೆ ಎಳೆದು, ಮೂರು ಪಾಲು ಮಾಡಿದರೆ, ಎಲುಬಿನ ಕಡೆಯ ಪಾಲು ಮುಗಿಯುವಲ್ಲಿ ಆ ಬೆರಳು ನಿಲ್ಲುತ್ತದೆ. ನ್ಯೂಯಾರ್ಕಿನ ಶಸ್ತ್ರವೈದ್ಯ ಚಾರ್ಲ್ಸ್ ಮ್ಯಾಕ್‌ಬರ್ನಿ 1889ರಲ್ಲಿ ವಿವರಿಸಿದ ಬಿಂದು ಅದು, ಇವತ್ತಿಗೂ ಅವರ ಹೆಸರಿನಲ್ಲೇ ಇದೆ. ಅದಕ್ಕೆ ಮೂರು ವರ್ಷ ಮೊದಲು, 1886ರಲ್ಲಿ, ಬಾಸ್ಟನ್ನಿನ ರೆಜಿನಾಲ್ಡ್ ಫಿಟ್ಜ್ ಈ ರೋಗದ ಮೂಲ ಅಪೆಂಡಿಕ್ಸ್ ಎಂದು ಖಚಿತವಾಗಿ ತೋರಿಸಿಕೊಟ್ಟಿದ್ದರು. ಎಲ್ಲರಲ್ಲೂ ಪಾಠ ಒಪ್ಪಿಸಿದ ಹಾಗೆ ಹೀಗೇ ಆಗುತ್ತದೆಂದಲ್ಲ. ಅಪೆಂಡಿಕ್ಸ್ ಕರುಳಿನ ಹಿಂದೆ ಅಡಗಿದ್ದರೆ ನೋವು ಬೆನ್ನಿನ ಪಕ್ಕಕ್ಕೆ ಹೋಗಬಹುದು. ತುಂಬು ಬಸುರಿಯಲ್ಲಿ ಗರ್ಭಕೋಶ ಅದನ್ನು ಮೇಲಕ್ಕೆ ತಳ್ಳಿರುತ್ತದೆ. ಆದರೂ ಮೊದಲು ನೋವು, ಆಮೇಲೆ ವಾಂತಿ, ನಂತರ ನೋವು ಬಲಕ್ಕೆ ಸರಿಯುವುದು ಎಂಬ ಕ್ರಮ ಕಂಡರೆ ಕಾಯುವಂತಿಲ್ಲ.

ಇಂಗ್ಲೆಂಡಿನ ವೈದ್ಯರು 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನಮ್ಮ ರಸ್ತೆಗಳಿಗೆ ಹೇಳಿ ಮಾಡಿಸಿದಂತಿದೆ. ಆಸ್ಪತ್ರೆಗೆ ಬರುವಾಗ ಗಾಡಿ ಹಂಪ್ ದಾಟಿದಾಗ ನೋವು ಜಾಸ್ತಿಯಾಯಿತೇ ಎಂದು ಅವರು ರೋಗಿಗಳನ್ನು ಕೇಳಿದರು. ಅಪೆಂಡಿಕ್ಸ್ ಎಂದು ಖಚಿತವಾದ 34 ಜನರಲ್ಲಿ 33 ಮಂದಿ ಹೌದೆಂದರು. ಹೌದೆಂದ ಎಲ್ಲರಿಗೂ ಅಪೆಂಡಿಕ್ಸ್ ಕಾಯಿಲೆಯೇ ಇತ್ತೆಂದಲ್ಲ, ಆದರೆ ಇಲ್ಲವೆಂದವರಲ್ಲಿ ಅದಿರುವ ಸಾಧ್ಯತೆ ಬಹಳ ಕಡಿಮೆ. ಕಾರಣ ಮೇಲೆ ಹೇಳಿದ್ದೇ: ಪೊರೆಗೆ ಉರಿಯೂತ ತಗುಲಿದ ಮೇಲೆ ಸಣ್ಣ ಅಲುಗಾಟವೂ ಸಹಿಸದು. ಕೆಮ್ಮಿದರೆ ನೋವು, ಹೆಜ್ಜೆ ಊರಿದರೆ ನೋವು. ಮಗು ಒಂದು ಕೈಯಲ್ಲಿ ಬಲಹೊಟ್ಟೆ ಹಿಡಿದು ಬಗ್ಗಿ ನಡೆಯುತ್ತಿದ್ದರೆ, ಎರಡು ಕಾಲಲ್ಲಿ ಕುಪ್ಪಳಿಸು ಎಂದರೆ ಒಲ್ಲೆನೆಂದರೆ, ಅದು ಶಾಲೆ ತಪ್ಪಿಸುವ ಹೊಟ್ಟೆನೋವಲ್ಲ.

ನಮ್ಮ ಎಷ್ಟೋ ಊರುಗಳಲ್ಲಿ ಹೊಕ್ಕುಳ ಸುತ್ತ ನೋವು ಬಂದರೆ "ಬಟ್ಟಿ ಸರಿದಿದೆ" ಎಂದು ಎಣ್ಣೆ ಹಚ್ಚಿ ಹೊಟ್ಟೆ ತಿಕ್ಕಿಸುವ ರೂಢಿ ಇದೆ. ತಿಕ್ಕುವ ಅಜ್ಜಿಯ ಕೈಯಲ್ಲಿ ಪ್ರೀತಿಯೇ ಇರುತ್ತದೆ, ವಾಯು ತುಂಬಿ ಉಬ್ಬರಿಸಿದ ಹೊಟ್ಟೆಗೆ ಹಿತವೂ ಆಗಬಹುದು. ಆದರೆ ಕೀವು ತುಂಬಿ ಬಿಗಿದ ಅಪೆಂಡಿಕ್ಸಿನ ಮೇಲೆ ಬೀಳುವ ಒತ್ತಡ ಅದನ್ನು ಒಡೆಸಬಲ್ಲದು. ಜ್ವರವಿದ್ದರೆ, ವಾಂತಿಯಿದ್ದರೆ, ಮುಟ್ಟಿದರೆ ಹೊಟ್ಟೆ ಬಿಗಿಯುತ್ತಿದ್ದರೆ ದಯವಿಟ್ಟು ತಿಕ್ಕಬೇಡಿ. ಮಕ್ಕಳ ಹೊಟ್ಟೆಯ ಮೇಲೆ ಬರೆ ಎಳೆಯುವುದು ಇನ್ನೂ ಕೆಲವೆಡೆ ಉಳಿದಿದೆ ಎಂದು ನೆನೆದರೇ ಸಂಕಟವಾಗುತ್ತದೆ. ಆರು ತಿಂಗಳಿಂದ ಎರಡು ವರ್ಷದೊಳಗಿನ ಕೂಸು ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಕಾಲು ಮಡಚಿ ಕಿಟಾರನೆ ಅತ್ತು, ನಡುವೆ ಸುಮ್ಮನಾಗಿ ಸೋತು ಮಲಗಿ, ಮತ್ತೆ ಅಳತೊಡಗಿದರೆ ಒಂದು ಕರುಳಿನೊಳಕ್ಕೆ ಇನ್ನೊಂದು ಕರುಳು ತೂರಿಕೊಂಡಿರಬಹುದು. ಬಜೆ ತೇಯ್ದು ನೆಕ್ಕಿಸುತ್ತಾ, ದೃಷ್ಟಿ ತೆಗೆಯುತ್ತಾ ರಾತ್ರಿ ಕಳೆದರೆ ಬೆಳಿಗ್ಗೆ ಬಟ್ಟೆಯಲ್ಲಿ ರಕ್ತ ಮತ್ತು ಲೋಳೆ ಕಾಣುತ್ತದೆ. ಬೇಗ ಹೋದರೆ ಕೊಯ್ಯದೆಯೇ, ಗುದದ್ವಾರದಿಂದ ಗಾಳಿಯನ್ನೋ ದ್ರವವನ್ನೋ ಏರಿಸಿ ಕರುಳನ್ನು ಬಿಡಿಸಬಹುದು.

ನೋವಿನ ಜಾಗದಷ್ಟೇ ಮುಖ್ಯ, ನೋವಿನಲ್ಲಿ ಮನುಷ್ಯ ಹೇಗಿದ್ದಾನೆ ಎಂಬುದು. ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ಸುಮಾರು 25 ಸೆಂಟಿಮೀಟರ್ ಉದ್ದದ ನಾಳದಲ್ಲಿ ಕಲ್ಲು ಸಿಕ್ಕಿಕೊಂಡವರು ಕೂರಲಾರರು, ನಿಲ್ಲಲಾರರು. ಹಾಸಿಗೆಯ ಮೇಲೆ ಹೊರಳಾಡುತ್ತಾರೆ, ಎದ್ದು ಓಡಾಡುತ್ತಾರೆ, ಗೋಡೆಗೆ ಒರಗುತ್ತಾರೆ. ನೋವು ಬೆನ್ನಿನ ಪಕ್ಕದಿಂದ ಹೊರಟು ತೊಡೆಸಂದಿಗೆ ಇಳಿಯುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಜಠರದಲ್ಲೋ ಕರುಳಿನಲ್ಲೋ ತೂತು ಬಿದ್ದವರು ಮೊಣಕಾಲು ಮಡಚಿ ಅಲುಗಾಡದೆ ಮಲಗಿರುತ್ತಾರೆ. ಉಸಿರನ್ನೂ ಮೇಲಿಂದ ಮೇಲೆಯೇ ಎಳೆದುಕೊಳ್ಳುತ್ತಾರೆ. ಮಂಚಕ್ಕೆ ಯಾರ ಕಾಲು ತಾಗಿದರೂ ಮುಖ ಕಿವುಚುತ್ತಾರೆ. ಹೊರಳಾಡುವವರನ್ನು ಕಂಡು ಮನೆಯವರು ಗಾಬರಿಯಾಗುತ್ತಾರೆ, ಅಲುಗಾಡದೆ ಮಲಗಿದವರನ್ನು ಕಂಡು "ಈಗ ಸ್ವಲ್ಪ ಪರವಾಗಿಲ್ಲ" ಎಂದುಕೊಳ್ಳುತ್ತಾರೆ. ನಿಜವಾದ ಅಪಾಯ ಆ ಎರಡನೆಯವರದ್ದು.

ಜಠರದ ತೂತಿನ ವಿಷಯದಲ್ಲಿ ಖಾರಕ್ಕೆ ಬಂದಿರುವ ಅಪವಾದವನ್ನು ತೊಡೆಯಬೇಕು. ಹುಣ್ಣಿಗೆ ಬ್ಯಾಡಗಿ ಮೆಣಸಿನಕಾಯಿ ಕಾರಣವಲ್ಲ, ಚಿಂತೆಯೊಂದೇ ಕಾರಣವೂ ಅಲ್ಲ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಎಂಬ ವೈದ್ಯರು 1980ರ ದಶಕದ ಆರಂಭದಲ್ಲಿ ಜಠರದೊಳಗೆ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ಬದುಕುವುದನ್ನು ತೋರಿಸಿದರು. ಯಾರೂ ನಂಬದಿದ್ದಾಗ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹುಣ್ಣಿನ ಇನ್ನೊಂದು ದೊಡ್ಡ ಕಾರಣ ನಮ್ಮ ಮೆಡಿಕಲ್ ಶಾಪಿನಲ್ಲೇ ಇದೆ. ಮಂಡಿನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಹದ ಮಾತ್ರೆಗಳನ್ನು ಚೀಟಿಯಿಲ್ಲದೆ ತಿಂಗಳುಗಟ್ಟಲೆ ನುಂಗುವ ಹಿರಿಯರು ಪ್ರತಿ ಊರಲ್ಲೂ ಇದ್ದಾರೆ. ಹುಣ್ಣು ಒಡೆದು ತೂತಾದ ಕ್ಷಣವನ್ನು ರೋಗಿ ಗಡಿಯಾರ ನೋಡಿದಂತೆ ಹೇಳಬಲ್ಲರು, ಅಷ್ಟು ಹಠಾತ್ತಾಗಿ ಬರುವ ನೋವು ಅದು. ವೈದ್ಯರು ಆಗ ಹೊಟ್ಟೆಯ ಬದಲು ಎದೆಯ ಎಕ್ಸ್-ರೇ ತೆಗೆಸುತ್ತಾರೆ, ಅದೂ ನಿಲ್ಲಿಸಿ. ಜಠರದಿಂದ ಹೊರಬಂದ ಗಾಳಿ ಮೇಲೇರಿ ವಪೆಯ ಕೆಳಗೆ ಕಪ್ಪು ಗೆರೆಯಾಗಿ ಕಾಣುತ್ತದೆ.

ಹೀಗೆ ವಪೆಯ ಕೆಳಗೆ ಗಾಳಿಯೋ ರಕ್ತವೋ ಕೀವೋ ಸೇರಿದರೆ ನೋವು ಭುಜದ ತುದಿಗೆ ಹೋಗುತ್ತದೆ. ಭ್ರೂಣದಲ್ಲಿ ವಪೆ ಮೂಡುವುದು ಕುತ್ತಿಗೆಯ ಬಳಿ. ಕೆಳಗಿಳಿಯುವಾಗ ಅದು ತನ್ನ ನರವನ್ನೂ ಕುತ್ತಿಗೆಯಿಂದಲೇ ಎಳೆದು ತರುತ್ತದೆ. ಲ್ಯಾಪ್ರೋಸ್ಕೋಪಿ ಮಾಡಿಸಿಕೊಂಡವರು ಮರುದಿನ "ಹೊಟ್ಟೆಗಿಂತ ಭುಜವೇ ಜಾಸ್ತಿ ನೋಯ್ತಿದೆ" ಎನ್ನುವುದು ಹೊಟ್ಟೆಗೆ ತುಂಬಿದ್ದ ಗಾಳಿಯ ಉಳಿಕೆಯಿಂದ. ಅದು ತಾನಾಗಿ ಹೋಗುತ್ತದೆ. ಆದರೆ ಬಿದ್ದು ಪೆಟ್ಟಾದವರಿಗೆ ಎಡಭುಜದ ತುದಿ ನೋಯತೊಡಗಿದರೆ ಗುಲ್ಮವನ್ನು ಅನುಮಾನಿಸಬೇಕು.

ಪಿತ್ತಕೋಶದ ಕಲ್ಲಿನ ನೋವು ಜಿಡ್ಡಿನೂಟ ಆದ ಮೇಲೆ, ಹೆಚ್ಚಾಗಿ ರಾತ್ರಿ, ಬಲ ಪಕ್ಕೆಲುಬಿನ ಕೆಳಗೆ ಬಂದು ಬಲ ಹೆಗಲ ಮೂಳೆಯ ಕಡೆ ಹರಡುತ್ತದೆ. ಮೇದೋಜೀರಕದ ಉರಿಯೂತದಲ್ಲಿ ನೋವು ಬೆನ್ನಿಗೆ ಕೊರೆಯುತ್ತದೆ, ರೋಗಿ ಮುಂದಕ್ಕೆ ಬಾಗಿ ಕೂತರೆ ತುಸು ನೆಮ್ಮದಿ. ಪಿತ್ತದ ಕಲ್ಲು ಮತ್ತು ಹೆಂಡ ಇದರ ಎರಡು ಮುಖ್ಯ ಕಾರಣಗಳು. ತೊಡೆಸಂದಿನ ಹರ್ನಿಯಾ ನಿಂತಾಗ ಉಬ್ಬಿ ಮಲಗಿದಾಗ ಒಳಗೆ ಹೋಗುತ್ತಿದ್ದದ್ದು ಒಂದು ದಿನ ಒಳಗೆ ಹೋಗದೆ, ನೋವು ವಾಂತಿ ಶುರುವಾದರೆ ಒಳಗೆ ಕರುಳು ಸಿಕ್ಕಿಕೊಂಡಿದೆ. ಅದು ನಾಳೆಗೆ ಇಡುವ ಕೆಲಸವಲ್ಲ.

ಮುಜುಗರದಿಂದ ಮುಚ್ಚಿಡುವ ನೋವುಗಳ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಗಂಡುಮಕ್ಕಳ ವೃಷಣ ಭ್ರೂಣದಲ್ಲಿ ಬೆಳೆಯುವುದು ಹೊಟ್ಟೆಯ ಹಿಂಗೋಡೆಯಲ್ಲಿ, ಕಿಡ್ನಿಯ ಹತ್ತಿರ. ಹುಟ್ಟುವ ಹೊತ್ತಿಗೆ ಕೆಳಗಿಳಿಯುತ್ತದೆ, ನರ ಮಾತ್ರ ಹಳೆಯದೇ. ಹೈಸ್ಕೂಲಿನ ಹುಡುಗನಿಗೆ ವೃಷಣ ತಿರುಚಿಕೊಂಡರೆ ಅವನಿಗೆ ಕಿಬ್ಬೊಟ್ಟೆ ನೋಯುತ್ತದೆ, ವಾಂತಿಯಾಗುತ್ತದೆ. ಅಮ್ಮನ ಹತ್ತಿರ "ಹೊಟ್ಟೆನೋವು" ಎಂದಷ್ಟೇ ಹೇಳುತ್ತಾನೆ, ಉಳಿದದ್ದನ್ನು ನಾಚಿಕೆ ನುಂಗುತ್ತದೆ. ಆರು ಗಂಟೆಯೊಳಗೆ ಬಿಡಿಸಿದರೆ ವೃಷಣ ಸಾಮಾನ್ಯವಾಗಿ ಉಳಿಯುತ್ತದೆ. ಆಮೇಲೆ ಪ್ರತಿ ಗಂಟೆಗೂ ಆಸೆ ಕಡಿಮೆಯಾಗುತ್ತದೆ. ಹುಡುಗನ ಹೊಟ್ಟೆನೋವೆಂದರೆ ಅಪ್ಪನೋ ಮಾವನೋ ಪಕ್ಕಕ್ಕೆ ಕರೆದು, "ಕೆಳಗೇನಾದರೂ ನೋವಿದೆಯೇನೋ, ಊದಿದೆಯೇನೋ" ಎಂದು ಕೇಳಿಬಿಡಬೇಕು. ಚಡ್ಡಿ ಬಿಚ್ಚಿಸಿ ನೋಡದೆ ಹೊಟ್ಟೆಯ ಪರೀಕ್ಷೆ ಮುಗಿಸುವ ವೈದ್ಯರಿಗೂ ಈ ಮಾತು ಸಲ್ಲುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಮುಟ್ಟಿನ ದಿನ ಕೇಳುವುದು ಮರ್ಯಾದೆಗೇಡೇನಲ್ಲ. ಗರ್ಭ ಗರ್ಭಕೋಶದಲ್ಲಿ ಕೂರದೆ ಅದರ ನಾಳದಲ್ಲೇ ಬೆಳೆಯತೊಡಗಿದರೆ ಆರೇಳು ವಾರದ ಹೊತ್ತಿಗೆ ನಾಳ ಒಡೆಯಬಹುದು. ಮುಟ್ಟು ತಪ್ಪಿದ್ದು, ಒಂದು ಬದಿಯ ಕಿಬ್ಬೊಟ್ಟೆ ನೋವು, ತುಸು ರಕ್ತ ಕಾಣಿಸುವುದು, ಎದ್ದರೆ ಕಣ್ಣು ಕತ್ತಲೆ, ಕೆಲವರಲ್ಲಿ ಭುಜದ ತುದಿಯ ನೋವು. ಒಳಗೆ ಎಷ್ಟು ರಕ್ತ ಸೋರಿದೆ ಎಂಬುದು ಹೊರಗೆ ಕಾಣುವುದಿಲ್ಲ. ಮೂತ್ರದ ಒಂದು ಪರೀಕ್ಷೆಯಿಂದ ಅನುಮಾನ ಹುಟ್ಟಿಬಿಡುತ್ತದೆ. ಮದುವೆಯಾಗಿಲ್ಲ, ಆಪರೇಷನ್ ಆಗಿದೆ ಎಂಬ ಕಾರಣಗಳಿಗೆ ಈ ಪರೀಕ್ಷೆಯನ್ನು ಬಿಡಬಾರದು. ಸಂತಾನಹರಣ ಚಿಕಿತ್ಸೆ ಆದವರಲ್ಲಿ ಗರ್ಭ ನಿಲ್ಲುವುದು ಅಪರೂಪ, ಆದರೆ ನಿಂತರೆ ನಾಳದಲ್ಲಿ ನಿಲ್ಲುವ ಸಾಧ್ಯತೆ ಹೆಚ್ಚು. ಪರೀಕ್ಷೆ ಮಾಡುವಾಗ ಅತ್ತೆಯನ್ನೂ ಗಂಡನನ್ನೂ ಸ್ವಲ್ಪ ಹೊತ್ತು ಹೊರಗೆ ಕೂರಿಸುವ ಸೂಕ್ಷ್ಮ ಇರುವ ನರ್ಸ್ ಒಂದು ಜೀವವನ್ನೇ ಉಳಿಸುತ್ತಾರೆ.

ಇನ್ನು ಹೊಟ್ಟೆಯದ್ದಲ್ಲದ ಹೊಟ್ಟೆನೋವು. ಹೃದಯದ ಕೆಳಮೈ ವಪೆಯ ಮೇಲೆಯೇ ಕೂತಿದೆ. ಆ ಭಾಗಕ್ಕೆ ರಕ್ತ ನಿಂತಾಗ ನೋವು ಎದೆಯಲ್ಲಿ ಕಾಣದೆ, ಪಕ್ಕೆಲುಬುಗಳು ಕೂಡುವ ಗುಳಿಯ ಕೆಳಗೆ, ವಾಕರಿಕೆ ತೇಗಿನೊಂದಿಗೆ ಬರಬಹುದು. ಮನೆಯಲ್ಲಿ "ಗ್ಯಾಸ್ಟ್ರಿಕ್ ಆಗಿದೆ" ಎಂದು ಸೋಡಾ ಕುಡಿಸುತ್ತಾರೆ, ಓಂಕಾಳು ಉಪ್ಪು ಅಗಿಯಲು ಕೊಡುತ್ತಾರೆ. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ ಇರುವವರು, ಬೀಡಿ ಸಿಗರೇಟು ಸೇದುವವರು ಹೊಟ್ಟೆಯ ಮೇಲ್ಭಾಗ ಒತ್ತುತ್ತಿದೆ, ಬೆವರುತ್ತಿದ್ದೇನೆ ಎಂದರೆ ಮೊದಲು ಇಸಿಜಿ ಆಗಬೇಕು. ಅದಕ್ಕೆ ಕೆಲವೇ ನಿಮಿಷ ಸಾಕು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ 2023ರಲ್ಲಿ ಶುರುವಾದ ಮೇಲೆ ತಾಲ್ಲೂಕು ಆಸ್ಪತ್ರೆಗಳಲ್ಲೂ ಈ ಅನುಕೂಲ ಹತ್ತಿರವಾಗಿದೆ. 108ಕ್ಕೆ ಕರೆ ಮಾಡಲು ಸಂಕೋಚ ಬೇಡ. ಇಸಿಜಿ ಸರಿಯಾಗಿದ್ದು ಗ್ಯಾಸೇ ಎಂದು ಗೊತ್ತಾದರೆ ಅದಕ್ಕಿಂತ ಸಂತೋಷದ ಸುದ್ದಿ ಯಾವುದಿದೆ?

ನೋವೇ ಇಲ್ಲದ ರೋಗಗಳು ಇನ್ನೂ ಕಷ್ಟದವು. ಲಿವರಿನ ಒಳಗೆ ನೋವಿನ ನರವಿಲ್ಲ, ಮೇಲಿನ ಕವಚಕ್ಕೆ ಮಾತ್ರ ಇದೆ. ಅದು ನಿಧಾನವಾಗಿ ಕೊಬ್ಬು ತುಂಬಿ, ಗಂಟುಗಟ್ಟಿ, ಕೊನೆಗೆ ಹೊಟ್ಟೆಯಲ್ಲಿ ನೀರು ತುಂಬಿ ಜಲೋದರವಾಗುವವರೆಗೂ ಸುಮ್ಮನಿರಬಲ್ಲದು. ಮಲೆನಾಡಿನಲ್ಲಿ ಹಿಂದೆ ಮಲೇರಿಯಾದಿಂದ ಗುಲ್ಮ ಊದಿ ಎಡಗಡೆ ಜ್ವರಗಡ್ಡೆ ಕಟ್ಟಿದವರು ಅದನ್ನು ಹೊತ್ತುಕೊಂಡೇ ಗದ್ದೆ ಕೆಲಸ ಮಾಡುತ್ತಿದ್ದರು. ನೋವಿಲ್ಲದೆ ಕಣ್ಣು ಹಳದಿಯಾಗಿ, ಮೈ ಕಡಿತ, ತೂಕ ಇಳಿಯುತ್ತಿದ್ದರೆ ಪಿತ್ತನಾಳವನ್ನು ಒತ್ತುತ್ತಿರುವ ಮೇದೋಜೀರಕದ ಗಡ್ಡೆಯನ್ನು ಹುಡುಕಬೇಕು. ಕಾಮಾಲೆಗೆ ನಾಟಿ ಔಷಧಿ ಎಂದು ತಿಂಗಳು ಕಳೆಯುವುದು ಆಗ ಬಹಳ ದುಬಾರಿಯಾಗುತ್ತದೆ. ಸಂಜೆ ಜ್ವರ, ತೂಕ ಇಳಿಕೆ, ಆಗಾಗ ಕರುಳು ಕಟ್ಟಿದಂತಾಗುವುದು ಕಂಡರೆ ಹೊಟ್ಟೆಯ ಕ್ಷಯ ಇರಬಹುದು. ನಮ್ಮ ದೇಶದಲ್ಲಿ ಅದು ಅಪರೂಪವಲ್ಲ, ಔಷಧಿಯಿಂದ ವಾಸಿಯಾಗುವ ರೋಗ.

ಎಪ್ಪತ್ತು ದಾಟಿದವರ ಹೊಟ್ಟೆ ಮೆದುವಾಗಿಯೇ ಮೋಸ ಮಾಡುತ್ತದೆ. ಅವರ ಹೊಟ್ಟೆಯ ಸ್ನಾಯು ಬಿಗಿಯುವುದಿಲ್ಲ, ಜ್ವರ ಏರುವುದಿಲ್ಲ. ಎದೆಬಡಿತ ಏರುಪೇರಾಗಿರುವ ಅಜ್ಜನೊಬ್ಬ ತಡೆಯಲಾರದ ಹೊಟ್ಟೆನೋವೆಂದು ನರಳುತ್ತಿದ್ದು, ಮುಟ್ಟಿದರೆ ಹೊಟ್ಟೆ ಮೆತ್ತಗಿದ್ದರೆ, ಹೃದಯದಿಂದ ಹೊರಟ ರಕ್ತದ ಹೆಪ್ಪು ಕರುಳಿನ ರಕ್ತನಾಳವನ್ನು ಮುಚ್ಚಿರಬಹುದು. "ವಯಸ್ಸಾಯ್ತು, ಎಲ್ಲದಕ್ಕೂ ನರಳ್ತಾರೆ" ಎಂಬ ಮಾತು ಅಲ್ಲಿ ಪ್ರಾಣ ತೆಗೆಯುತ್ತದೆ.

ವೈದ್ಯರು ಹೊಟ್ಟೆ ಪರೀಕ್ಷಿಸುವುದನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ಒಳ್ಳೆಯ ವೈದ್ಯರು ಮೊದಲು ಕೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ಮೊಣಕಾಲು ಮಡಚಿಸುತ್ತಾರೆ, ಗೋಡೆಯ ಸ್ನಾಯು ಸಡಿಲವಾಗಲೆಂದು. ನೋವೆಂದ ಜಾಗವನ್ನು ಕೊನೆಗೆ ಉಳಿಸಿಕೊಂಡು ಎದುರು ಮೂಲೆಯಿಂದ ಮುಟ್ಟುತ್ತಾ ಬರುತ್ತಾರೆ. ಅವರ ಕಣ್ಣಿರುವುದು ಹೊಟ್ಟೆಯ ಮೇಲಲ್ಲ, ರೋಗಿಯ ಮುಖದ ಮೇಲೆ. ಆ ಹೊತ್ತಿನಲ್ಲಿ ನೋವು ಶುರುವಾದ ಗಂಟೆ, ಶುರುವಾದ ಜಾಗ, ವಾಂತಿ ನೋವಿಗೆ ಮೊದಲೋ ನಂತರವೋ, ಕೊನೆಯ ಸಲ ಯಾವಾಗ ಮಲ ಹೋದದ್ದು, ಗಾಳಿ ಸರಿದದ್ದು ಎಂದು ಯಾರಾದರೂ ನೆಟ್ಟಗೆ ಹೇಳಿದರೆ ಅರ್ಧ ಕೆಲಸ ಮುಗಿದಂತೆ. ನುಂಗಿದ ಮಾತ್ರೆಯ ಖಾಲಿ ಹಾಳೆಯನ್ನು ಜೇಬಿನಲ್ಲಿ ತಂದರೆ ಇನ್ನೂ ಒಳ್ಳೆಯದು.

ಕಾರಣ ತಿಳಿಯುವವರೆಗೂ ನೋವಿನ ಇಂಜೆಕ್ಷನ್ ಕೊಡಬಾರದು ಎಂಬುದು ಹಿಂದೆ ಕಟ್ಟುನಿಟ್ಟಿನ ನಿಯಮವಾಗಿತ್ತು. ಪರೀಕ್ಷೆ ಮಾಡಿದ ವೈದ್ಯರೇ ಅಳತೆಯಲ್ಲಿ ಕೊಟ್ಟರೆ ರೋಗ ಪತ್ತೆಗೆ ಅಡ್ಡಿಯಾಗದು ಎಂದು ಈಗ ಗೊತ್ತಾಗಿದೆ. ಹಾಗಾಗಿ ಮನೆಯಲ್ಲಿ ಮಾತ್ರೆ ಬೇಡ, ಆಸ್ಪತ್ರೆಯಲ್ಲಿ ನೋವು ಸಹಿಸಿಕೊಂಡು ನರಳುವುದೂ ಬೇಡ. ಕೇಳುವ ಹಕ್ಕು ರೋಗಿಗಿದೆ. ಅಲ್ಟ್ರಾಸೌಂಡ್ ಆಗಿದೆ, ಏನೂ ಇಲ್ಲವಂತೆ ಎಂದು ನಿಶ್ಚಿಂತರಾಗುವಂತೆಯೂ ಇಲ್ಲ. ಕರುಳಿನ ಗಾಳಿ ಅಡ್ಡ ಬಂದರೆ ಅಪೆಂಡಿಕ್ಸ್ ಆ ಸ್ಕ್ಯಾನಿನಲ್ಲಿ ಕಾಣದೇ ಹೋಗಬಹುದು. ಆಗ ಶಸ್ತ್ರವೈದ್ಯರು "ರಾತ್ರಿ ಇಲ್ಲೇ ಇರಲಿ, ನೋಡೋಣ" ಎನ್ನುತ್ತಾರೆ. ಏನೂ ಮಾಡುತ್ತಿಲ್ಲವೆಂದು ಸಿಟ್ಟಾಗಿ ಬಂಧುಗಳು ಮಧ್ಯರಾತ್ರಿ ಬೇರೆ ಆಸ್ಪತ್ರೆಗೆ ಹೊರಡಿಸುವುದು ಇಂಥ ಹೊತ್ತಿನಲ್ಲೇ. ಹೋಗುವುದೇ ಆದರೆ ಮೊದಲ ವೈದ್ಯರು ಎಷ್ಟು ಗಂಟೆಗೆ ಮುಟ್ಟಿದ್ದರು, ಆಗ ಹೊಟ್ಟೆ ಹೇಗಿತ್ತು ಎಂದು ಬರೆಸಿಕೊಂಡು ಹೋಗಿ. ಇರುವುದಾದರೆ, ನಾಲ್ಕು ಗಂಟೆ ಬಿಟ್ಟು ಅದೇ ವೈದ್ಯರು ಬಂದು ಅದೇ ಜಾಗದ ಮೇಲೆ ಮತ್ತೆ ಕೈಯಿಡುವುದೂ ಚಿಕಿತ್ಸೆಯ ಭಾಗವೇ. ಸಂಜೆ ಮೆದುವಾಗಿದ್ದ ಜಾಗ ಈಗ ಬಿಗಿದಿದೆಯೇ, ನಾಡಿ ಏರಿದೆಯೇ ಎಂದು ಅವರು ಹೋಲಿಸಿ ನೋಡುತ್ತಿರುತ್ತಾರೆ. ಹಾಗೆ ಹೋಲಿಸಲು ಮೊದಲ ಸಲ ಮುಟ್ಟಿದವರೇ ಎರಡನೇ ಸಲವೂ ಮುಟ್ಟಬೇಕು.